ಓಮ್ನಿಗೆ ಒಂದಡಿ ಬಾಲ

ಗಾಡಿ ಗಾಳಿ ಸೀಳಿಕೊಂಡು ಹೋಗಬೇಕು ಅಂದರೆ ಎಲ್ಲರ ಕಣ್ಣೂ ಮೂತಿಯ ಮೇಲೆ. ಕಾರವಾರದ ಬೈತಖೋಲದಲ್ಲಿ ಫೈಬರ್ ದೋಣಿ ರಿಪೇರಿ ಮಾಡುವ ನನಗೆ ಮಾತ್ರ ಹಿಂಭಾಗದ್ದೇ ಚಿಂತೆ. ಹಿಂಬದಿ ಚಪ್ಪಟೆ ಇರುವ ದೋಣಿ ನಿಧಾನಕ್ಕೆ ಹೋಗುವಾಗ ಬೆನ್ನಿಗೆ ನೀರಿನ ಸುಳಿ ಎಳೆದುಕೊಂಡೇ ಹೋಗುತ್ತದೆ. ನನ್ನ ಹಳೇ ಮಾರುತಿ ಓಮ್ನಿ ಗಾಳಿಯಲ್ಲಿ ಮಾಡುವುದೂ ಅದನ್ನೇ. ಅದಕ್ಕೇ ಅದರ ಡಿಕ್ಕಿ ಬಾಗಿಲಿಗೆ ಒಳಕ್ಕೆ ಇಳಿಜಾರಾದ ಒಂದಡಿ ಉದ್ದದ ಫೈಬರ್ ಬಾಲ ಕೂರಿಸಿದೆ.

ಚಾವಣಿ ಮೇಲೆ ಹರಿದು ಬಂದ ಗಾಳಿ ಡಿಕ್ಕಿ ಬಾಗಿಲ ಹತ್ತಿರ ಅಷ್ಟು ಚೂಪಾಗಿ ತಿರುಗಲಾರದು. ಗಾಡಿಯ ಮೈ ಬಿಟ್ಟುಬಿಡುತ್ತದೆ. ಹಿಂದೆ ಒತ್ತಡ ಕಡಿಮೆ, ಮುಂದೆ ಜಾಸ್ತಿ. ಗಾಡಿಯನ್ನು ಹಿಂದಕ್ಕೆ ಜಗ್ಗುವುದು ಈ ವ್ಯತ್ಯಾಸವೇ. ವೇಗ 40ರಿಂದ 80ಕ್ಕೆ ಏರಿದರೆ ಗಾಳಿಯ ತಡೆ 4 ಪಟ್ಟು, ಅದಕ್ಕೆ ಎಂಜಿನ್ ಕೊಡಬೇಕಾದ ಶಕ್ತಿ 8 ಪಟ್ಟು.

ಗಾಳಿ ಎಲ್ಲಿ ಮೈ ಬಿಡುತ್ತದೆ ನೋಡಲು ಮೊದಲು ಚಾವಣಿಯ ತುದಿಗೆ, ಹಿಂದಿನ ಗಾಜಿಗೆ ಬೆರಳುದ್ದದ ಉಣ್ಣೆ ದಾರಗಳನ್ನು ಟೇಪಿನಿಂದ ಅಂಟಿಸಿದೆ. ಭಾವ ಬೈಕಿನಲ್ಲಿ ಹಿಂದೆ ಬಂದರು. ಚಾವಣಿಯ ದಾರ ನೆಟ್ಟಗೆ ಮಲಗಿತ್ತಂತೆ. ಗಾಜಿನ ಮೇಲಿನದ್ದು ಮೇಲೆ ಕೆಳಗೆ ಕುಣಿಯುತ್ತಿತ್ತು. "ಕೆಲವು ದಾರ ಮೇಲ್ಮುಖ ಹಾರ್ತವೆ ಮಾರಾಯ್ರೆ!" ಅಂದರು. ಸುಳಿ ಅಂದರೆ ಇದೇ.

ಆಮೇಲೆ ಚುನಾವಣೆ ಬೋರ್ಡಿನ ಸನ್‌ಪ್ಯಾಕ್ ಪ್ಲಾಸ್ಟಿಕ್ ಶೀಟ್ ಕತ್ತರಿಸಿ ಬೇರೆ ಬೇರೆ ಇಳಿಜಾರಿನ ಬಾಲ ಮಾಡಿ ನೋಡಿದೆ. ತುಂಬಾ ಕಡಿದಾಗಿ ಒಳಕ್ಕೆ ಎಳೆದರೆ ದಾರ ಮತ್ತೆ ಕುಣಿಯುತ್ತದೆ, ಬಾಲ ಇದ್ದೂ ಇಲ್ಲದ ಹಾಗೆ. ಸುಮಾರು 12 ಡಿಗ್ರಿಗೆ, ಅಂದರೆ ಒಂದಡಿ ಉದ್ದಕ್ಕೆ ಎರಡೂವರೆ ಇಂಚು ಒಳಕ್ಕೆ ತಂದರೆ ಗಾಳಿ ಮೈಗಂಟಿಕೊಂಡೇ ಬರುತ್ತದೆ. ಇದೇ ಇಳಿಜಾರಿನಲ್ಲಿ ಚೂಪು ತುದಿಯವರೆಗೆ ಹೋದರೆ ಗಾಡಿ ಎಷ್ಟುದ್ದ ಆದೀತು ಅಲ್ವಾ? ಅದಕ್ಕೇ 1930ರ ದಶಕದಲ್ಲಿ ಜರ್ಮನಿಯ ವೂನಿಬಾಲ್ಡ್ ಕಾಮ್ ಎಂಬ ಎಂಜಿನಿಯರ್ ಬಾಲವನ್ನು ನಡುವೆಯೇ ಕತ್ತರಿಸಿ ಬಿಡುವ ದಾರಿ ಹಿಡಿದದ್ದು. ಲಾಭದ ಬಹುಪಾಲು ಮೊದಲ ಅಡಿಗಳಲ್ಲೇ ಸಿಗುತ್ತದೆ.

ನನ್ನದು ಒಂದಡಿಗೆ ನಿಂತದ್ದಕ್ಕೆ ಕಾನೂನೂ ಕಾರಣ. ಹಿಂದಿನ ಚಕ್ರದಾಚೆ ಚಾಚುವ ಭಾಗ ವೀಲ್‌ಬೇಸಿನ, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರದ, ಶೇ 60 ಮೀರಬಾರದು. ಓಮ್ನಿಯ ವೀಲ್‌ಬೇಸ್ 1840 ಮಿ.ಮೀ., ಲೆಕ್ಕ ನೀವೇ ಹಾಕಿ. ಲೈಟು, ನಂಬರ್ ಪ್ಲೇಟು ಮುಚ್ಚುವಂತಿಲ್ಲ. ಬಾಡಿಯ ಅಳತೆ ಬದಲಿಸುವ ಮೊದಲು ಆರ್‌ಟಿಒದಲ್ಲಿ ಕೇಳಲೇಬೇಕು, ಸುಮ್ನೆ ಬೋಲ್ಟ್ ಹಾಕಿಕೊಂಡು ಹೊರಡಬೇಡಿ.

ಫೈಬರ್ ಕೆಲಸ ನನಗೆ ದಿನನಿತ್ಯದ್ದು: ಅಚ್ಚಿಗೆ ವ್ಯಾಕ್ಸ್, ಹೊರಮೈಯ ನುಣುಪಿಗೆ ಜೆಲ್‌ಕೋಟ್, ಎರಡು ಪದರ ಗಾಜಿನ ನಾರಿನ ಮ್ಯಾಟ್, ಅಂಟಿಗೆ ರೆಸಿನ್. ಮಳೆಗಾಲದ ಥಂಡಿಯಲ್ಲಿ ಗಟ್ಟಿಯಾಗಲು ಹೊತ್ತು ಹಿಡಿಯುತ್ತದೆ. ತಲೆ ತಿಂದದ್ದು ಡಿಕ್ಕಿ ಬಾಗಿಲು. ಬಾಲದ ಭಾರಕ್ಕೆ ಅದು ಮೇಲೆ ನಿಲ್ಲುವುದೇ ಇಲ್ಲ, ಈಗಲೂ ಬಿದಿರಿನ ಕೋಲು ಕೊಡುತ್ತೇನೆ.

ಪರೀಕ್ಷೆಗೆ ಅಂಕೋಲಾ ಕಡೆಯ ಹೆದ್ದಾರಿ, ಕಡಲಗಾಳಿ ಏಳುವ ಮೊದಲಿನ ಹೊತ್ತು. ಒಂದೇ ಗುರುತಿನ ಬಳಿ ಒಂದೇ ವೇಗದಿಂದ ನ್ಯೂಟ್ರಲ್‌ಗೆ ಹಾಕುವುದು, ಎಲ್ಲಿಯವರೆಗೆ ಉರುಳಿತು ನೋಡುವುದು. ಹೋಗುವಾಗಲೂ ಬರುವಾಗಲೂ ಮಾಡಬೇಕು, ಇಲ್ಲದಿದ್ದರೆ ಗಾಳಿ, ಇಳಿಜಾರು ಮೋಸ ಮಾಡುತ್ತವೆ. ಬಾಲ ಇದ್ದಾಗ ಎರಡೂ ಕಡೆ ಇನ್ನೂ ಮುಂದಕ್ಕೆ ಹೋಯಿತು. ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವಾಗ ಮಾತ್ರ ಏನೂ ಲಾಭವಿಲ್ಲ. ಆ ಕಡಿಮೆ ವೇಗದಲ್ಲಿ ಗಾಳಿಗಿಂತ ಭಾರವೇ ಲೆಕ್ಕಕ್ಕೆ ಬರುತ್ತದೆ, ಅಲ್ಲಿಗೆ ಹೊರಟರೆ ಬಾಲ ಬಿಚ್ಚಿ ಶೆಡ್ಡಿನಲ್ಲಿ ಇಟ್ಟೇ ಹೋಗುತ್ತೇನೆ.