ಏಳು ಮೂರಕ್ಕೆ ನೈಋತ್ಯದ ಕಡೆ ನೋಡಿ

ಹಾಸನದವ್ರಿಗೆ ಸ್ಯಾಟಲೈಟ್ ಅಂದ್ರೆ ಹೊಸ ವಿಷ್ಯ ಏನಲ್ಲ, ಸಾಲಗಾಮೆ ರೋಡಲ್ಲಿ ಇಸ್ರೋದ ಎಂಸಿಎಫ್ (ಸ್ಯಾಟಲೈಟ್ ನಿಯಂತ್ರಣ ಕೇಂದ್ರ) ಇದೆ, 1982ರಿಂದ ಇನ್ಸಾಟ್, ಜಿಸ್ಯಾಟ್‌ಗಳನ್ನೆಲ್ಲ ಇಲ್ಲಿಂದ್ಲೇ ಸಂಭಾಳಿಸ್ತಾರೆ. ಆದ್ರೆ ಅವು ಸುಮಾರು 36,000 ಕಿ.ಮೀ. ಮೇಲೆ ಇರೋದು, ಭೂಮಿ ಜೊತೆಗೇ ತಿರುಗೋದ್ರಿಂದ ಒಂದೇ ಕಡೆ ನಿಂತಂಗೆ ಇರ್ತವೆ, ಬರಿಗಣ್ಣಿಗೆ ಕಾಣಲ್ಲ. ನಂಗೋ ಹೈಸ್ಕೂಲಿಂದ ಸೈನ್ಸ್ ಫಿಕ್ಷನ್ ಹುಚ್ಚು. ಅಷ್ಟೆಲ್ಲ ಓದಿದ್ರೂ ಒಳಗೆ ಮನುಷ್ಯರು ಕೂತಿರೋ ನೌಕೆ ಒಂದು ನಮ್ಮನೆ ಟೆರೇಸಿಂದ್ಲೇ ಕಾಣುತ್ತೆ ಅಂತ ಗೊತ್ತಾಗಿದ್ದು ಮೂರು ವರ್ಷದ ಹಿಂದೆ ಅಷ್ಟೇ.

ಆ ನೌಕೆನೇ ಐಎಸ್ಎಸ್, ಅಂದ್ರೆ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಅದು ಯಾವತ್ತು, ಎಷ್ಟೊತ್ತಿಗೆ, ಯಾವ ದಿಕ್ಕಲ್ಲಿ ಬರುತ್ತೆ ಅಂತ ನಾಸಾದವ್ರ ಆ್ಯಪೇ ಹೇಳುತ್ತೆ. ಮೊದಲ್ನೇ ಸಲ ಸಂಜೆ 7:03, ನೈಋತ್ಯ ಅಂತ ತೋರಿಸ್ತು. ನಾನು ಮೊಬೈಲ್ ಕಂಪಾಸ್ ನಂಬ್ಕೊಂಡು ನೀರಿನ ಟ್ಯಾಂಕ್ ಪಕ್ಕ ನಿಂತಿದ್ದೆ, ಅಲ್ಲೆಲ್ಲ ಕಬ್ಬಿಣದ ರಾಡ್ ಇದಾವೆ, ಕಂಪಾಸ್ ಎತ್ಲಾಗೋ ತೋರಿಸ್ತಿದೆ. ಒಣಗಿದ ಬಟ್ಟೆ ತೆಗಿಯೋಕೆ ಬಂದ ಅಮ್ಮ "ಏನೋ ಅದು ವಾಯವ್ಯದ ಕಡೆ ಮುಖ ಮಾಡ್ಕೊಂಡು ನಿಂತಿದೀಯ" ಅಂದ್ರು. ನೈಋತ್ಯ ಬೇಕಮ್ಮ ಅಂದೆ. "ನೈಋತ್ಯ ಅಂದ್ರೆ ಆ ತೆಂಗಿನ ಮರದ ಕಡೆ ಕಣೋ, ಮನೆ ಕಟ್ಟಿಸ್ವಾಗ ಎಷ್ಟು ಸಲ ಹೇಳಿದೀನಿ." ತಿರುಗಿದ್ರೆ ತೆಂಗಿನ ಗರಿ ಸಂದೀಲಿ ಆಗ್ಲೇ ಒಂದು ಬೆಳಕು ಮೇಲಕ್ಕೆ ಬರ್ತಿತ್ತು.

ವಿಮಾನದ ಹಂಗೆ ಮಿಣಮಿಣ ಅನ್ನಲ್ಲ, ಸದ್ದಿಲ್ಲ, ಒಂದೇ ಸಮನೆ ಉರಿತಾ ನಮ್ಮ ನೆತ್ತಿ ಮೇಲೆ ಹಾದು ಈಶಾನ್ಯದ ಕಡೆ ಇಳಿತಾ ಇದ್ದಂಗೆ, ಅರ್ಧ ದಾರೀಲಿ ಮಂಕಾಗಿ ಆರೇ ಹೋಯ್ತು. ಅಮ್ಮ ಮೋಡ ಅಡ್ಡ ಬಂತೇನೋ ಅಂದ್ಕೊಂಡ್ರು. ಮೋಡ ಅಲ್ಲ, ಭೂಮಿ ನೆರಳು. ನಮಗೆ ಕತ್ತಲಾಗಿದ್ರೂ 400 ಕಿ.ಮೀ. ಮೇಲೆ ಇನ್ನೂ ಬಿಸಿಲಿರುತ್ತೆ, ಆ ಬಿಸಿಲು ಅದರ ಮೈಮೇಲೆ ಬಿದ್ದು ನಮಗೆ ಕಾಣೋದು. ನೆರಳೊಳಗೆ ಹೊಕ್ತು ಅಂದ್ರೆ ಮುಗೀತು. ಅದಕ್ಕೇ ಮುಸ್ಸಂಜೆ, ಇಲ್ಲ ಬೆಳಗಿನ ಜಾವ, ಮಧ್ಯರಾತ್ರಿ ನೆತ್ತಿ ಮೇಲೇ ಹೋದ್ರೂ ಸಾಮಾನ್ಯವಾಗಿ ಕಾಣಲ್ಲ.

ಕೆಳಗೆ ಬಂದ್ಮೇಲೆ ಅಮ್ಮ ಕೇಳಿದ್ರು, ಅಷ್ಟು ಎತ್ತರದಲ್ಲಿ ಎಳೆಯೋದು ಏನೂ ಇಲ್ದೆ ತೇಲ್ತಾರಲ್ವಾ ಅಂತ. ಎಷ್ಟೋ ಕಥೆಗಳಲ್ಲೂ ಇದೇ ತಪ್ಪು, ನಂಗೆ ಓದ್ವಾಗ ಮೈ ಉರಿಯುತ್ತೆ. ಅಲ್ಲೂ ನೆಲದಲ್ಲಿರೋದ್ರ ಶೇ. 90ರಷ್ಟು ಗುರುತ್ವ ಇದೆ. ಗಂಟೆಗೆ ಸುಮಾರು 27,600 ಕಿ.ಮೀ. ಸ್ಪೀಡಲ್ಲಿ ಅಡ್ಡಡ್ಡ ಹೋಗ್ತಾ ಬೀಳ್ತಾನೇ ಇರ್ತಾರೆ, ನೆಲ ಬಾಗಿ ತಪ್ಪಿಸ್ಕೊಳ್ತಾನೇ ಇರುತ್ತೆ, ಅವ್ರೂ ನೌಕೆನೂ ಒಟ್ಟಿಗೇ ಬೀಳೋದ್ರಿಂದ ತೇಲ್ದಂಗೆ ಆಗೋದು.

ನಮ್ಮ ದೇಶದ ಗಗನಯಾತ್ರಿ ಶುಭಾಂಶು ಶುಕ್ಲಾ 2025ರ ಜೂನ್ 26ಕ್ಕೆ ಐಎಸ್ಎಸ್‌ಗೆ ಹೋಗಿ ಜುಲೈ 14ರವರೆಗೆ ಇದ್ರಲ್ಲ, ಆಗ ನಮ್ಮೂರಲ್ಲಿ ಮಳೆಗಾಲ. ಛತ್ರಿ ಹಿಡ್ಕೊಂಡು ಟೆರೇಸ್ ಹತ್ತಿದ್ದೇ ಹತ್ತಿದ್ದು, ಒಂದು ದಿನಾನೂ ಮೋಡ ಬಿಡ್ಲಿಲ್ಲ. ಹಾಳಾದ ಮಳೆ ಅನ್ನೋ ಹಂಗೂ ಇಲ್ಲ, ನಮ್ಮ ಮಾವನ ಕಾಫಿ ತೋಟ ಇರೋದು ಸಕಲೇಶಪುರದ ಕಡೆ.

ಆಮೇಲೆ ಫೋಟೋ ಹುಚ್ಚು ಹಿಡೀತು. ಕ್ಯಾಮೆರಾ ಇಲ್ಲ, ಮೊಬೈಲ್ ಪ್ರೋ ಮೋಡ್, 600 ರೂಪಾಯಿ ಟ್ರೈಪಾಡ್. ಮೊದ್ಲು ಶಟರ್ 30 ಸೆಕೆಂಡ್ ಇಟ್ಟೆ, ಬೀದಿ ಎಲ್‌ಇಡಿ ಬೆಳಕಿಗೆ ಆಕಾಶ ಪೂರ್ತಿ ಹಾಲು ಚೆಲ್ದಂಗೆ ಬಿಳಿ. 10 ಸೆಕೆಂಡಿಗೆ ಇಳಿಸ್ದೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋದು) 100, ಫೋಕಸ್ ಕೈಯಲ್ಲೇ ಅನಂತಕ್ಕೆ ಇಟ್ಟೆ (ಆಟೋ ಬಿಟ್ರೆ ಕತ್ತಲಲ್ಲಿ ಒದ್ದಾಡುತ್ತೆ), ಒತ್ತಿದ್ರೆ ಅಲ್ಲಾಡುತ್ತೆ ಅಂತ 2 ಸೆಕೆಂಡ್ ಟೈಮರ್ ಹಾಕಿ ಒಂದಾದ್ಮೇಲೊಂದು ತೆಗೆದೆ, ಆಮೇಲೆ ಕಂಪ್ಯೂಟರಲ್ಲಿ ಎಲ್ಲಾನೂ ಒಂದರ ಮೇಲೊಂದು ಕೂರಿಸ್ದೆ.

ಒಂದೇ ಗೆರೆ ಬರ್ಲಿಲ್ಲ, ಫೋಟೋ ಫೋಟೋ ಮಧ್ಯ ಗ್ಯಾಪ್. ಬ್ಲೌಸ್ ಹೊಲಿತಾ ಕೂತಿದ್ದ ಅಮ್ಮಂಗೆ ತೋರಿಸ್ದೆ. ಕನ್ನಡಕ ಸರಿ ಮಾಡ್ಕೊಂಡು ನೋಡಿ "ಕೈಹೊಲಿಗೆ ಹಾಕ್ದಂಗಿದೆ ಕಣೋ, ಈ ಕೊನೇ ಹೊಲಿಗೆಗೆ ಮಾತ್ರ ದಾರ ಸಾಲ್ದೆ ಹೋಗಿದೆ" ಅಂದ್ರು. ಆ ಕೊನೇ ತುಂಡು ನೆರಳಿಗೆ ಹೊಕ್ಕಿದ್ದ ಜಾಗ.