ಜರ್ಮನಿಯಲ್ಲಿ ಕ್ರೋಮ್ ಸಿಕ್ಸ್: ಪ್ಲೇಟಿಂಗ್ ಕೆಲಸದ ಹತ್ತಿರ ಇರುವ ಕನ್ನಡಿಗರಿಗೆ

ಜರ್ಮನಿಯಲ್ಲಿ ಕ್ವಾಲಿಟಿ ಅಥವಾ ಪರ್ಚೇಸ್ ವಿಭಾಗಕ್ಕೆ ಸೇರಿದರೆ ಕ್ರೋಮ್ ಸಿಕ್ಸ್ (ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂನ ವಿಷಕಾರಿ ರೂಪ) ಹೆಸರು ಬೇಗ ಕಿವಿಗೆ ಬೀಳುತ್ತದೆ. ಪ್ಲೇಟಿಂಗ್‌ನಲ್ಲಿ, ಅಂದರೆ ಲೋಹಕ್ಕೆ ಲೇಪ ಹಾಕುವ ಕೆಲಸದಲ್ಲಿ, ಇದರ ಬಳಕೆ ಇದೆ. ಇದಕ್ಕೆ ಬೇರೆ ಬೇರೆ ಕಾನೂನುಗಳಿವೆ. ಅವನ್ನು ಬೆರೆಸಿಕೊಂಡರೆ ತಲೆ ಕೆಡುತ್ತದೆ.

ರೀಚ್, ಅಂದರೆ ಯುರೋಪಿನ ರಾಸಾಯನಿಕ ಕಾನೂನು, ನೋಡುವುದು ಪ್ಲೇಟಿಂಗ್ ದ್ರಾವಣದ ತೊಟ್ಟಿಯನ್ನು. ಪ್ಲೇಟಿಂಗ್‌ಗೆ ಬೇಕಾದ ಕ್ರೋಮಿಯಂ ಟ್ರೈಆಕ್ಸೈಡ್ (ಕ್ರೋಮ್ ಸಿಕ್ಸ್‌ನ ಒಂದು ಸಂಯುಕ್ತ) ಬಳಸಲು 2017ರ ಸೆಪ್ಟೆಂಬರ್ 21ರಿಂದ ಯುರೋಪಿಯನ್ ಒಕ್ಕೂಟದಲ್ಲಿ ವಿಶೇಷ ಅನುಮತಿ ಬೇಕು. ಅರ್ಜಿ ಹೋಗುವುದು ಹೆಲ್ಸಿಂಕಿಯಲ್ಲಿರುವ ರಾಸಾಯನಿಕ ಸಂಸ್ಥೆಗೆ.

ರೋಹ್ಸ್, ಅಂದರೆ ಉಪಕರಣಗಳಲ್ಲಿನ ಅಪಾಯಕಾರಿ ವಸ್ತುಗಳಿಗೆ ಮಿತಿ ಹಾಕುವ ಯುರೋಪಿನ ಕಾನೂನು, ನೋಡುವುದು ತಯಾರಾದ ವಸ್ತುವನ್ನು. ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ 2006ರ ಜುಲೈನಿಂದ ಕ್ರೋಮ್ ಸಿಕ್ಸ್‌ಗೆ ಶೇ. 0.1ರ ಮಿತಿ ಇದೆ. ಗೊಂದಲ ಜಾಸ್ತಿ ಇಲ್ಲೇ. ಹಾರ್ಡ್ ಕ್ರೋಮ್ ಮಾಡಿದ ರಾಡ್ ತಗೊಳ್ಳಿ. ತೊಟ್ಟಿಯಲ್ಲಿ ಇದ್ದದ್ದು ಕ್ರೋಮ್ ಸಿಕ್ಸ್, ಆದರೆ ರಾಡ್ ಮೇಲೆ ಕೂತದ್ದು ಬರೀ ಲೋಹದ ಕ್ರೋಮಿಯಂ. ಜಿಂಕ್ ಲೇಪದ ಬೋಲ್ಟ್‌ಗೆ ಹಳೆಯ ರೀತಿಯಲ್ಲಿ ಹಳದಿ ಪ್ಯಾಸಿವೇಷನ್ (ತುಕ್ಕು ತಡೆಯುವ ತೆಳು ಪದರ) ಮಾಡಿದ್ದರೆ ಕಥೆ ಬೇರೆ. ಆ ತೆಳು ಪದರದಲ್ಲೇ ಕ್ರೋಮ್ ಸಿಕ್ಸ್ ಉಳಿದಿರುತ್ತದೆ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಟ್ರೈವೇಲೆಂಟ್ (ಕ್ರೋಮಿಯಂನ ಕಡಿಮೆ ಅಪಾಯದ ರೂಪ) ಪದರಕ್ಕೂ ಹಳದಿ ಬಣ್ಣ ಕೊಡಬಹುದು. ಪೀಣ್ಯದಿಂದ ಭಾಗಗಳನ್ನು ತರಿಸುವುದಾದರೆ ಡ್ರಾಯಿಂಗ್‌ನಲ್ಲೇ ಟ್ರೈವೇಲೆಂಟ್ ಪ್ಯಾಸಿವೇಷನ್ ಅಂತ ಬರೆಸಿ, ಟೆಸ್ಟ್ ರಿಪೋರ್ಟ್ ಕೇಳಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಶಾಪ್ ಫ್ಲೋರ್‌ನಲ್ಲಿ ನಿಂತವರ ವಿಷಯ. ತೊಟ್ಟಿಯಿಂದ ಏಳುವ ಸಣ್ಣ ಹನಿಗಳ ಮಂಜು ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಯುರೋಪಿನ ಮಿತಿ 2025ರ ಜನವರಿ 17ರಿಂದ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ. ಜರ್ಮನಿಯ ತಾಂತ್ರಿಕ ನಿಯಮ ಇನ್ನೂ ಬಿಗಿ: 1 ಮೈಕ್ರೋಗ್ರಾಂ.

ಸುರಕ್ಷತೆಯ ಸೂಚನೆ, ಅಂದರೆ ಬೆಟ್ರೀಬ್ಸ್‌ಆನ್‌ವೈಸುಂಗ್, ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಜರ್ಮನ್ ಪೂರ್ತಿ ಬಾರದಿದ್ದರೆ ಸುಮ್ನೆ ಸಹಿ ಹಾಕಬೇಡಿ, ಇಂಗ್ಲಿಷ್ ಪ್ರತಿ ಕೇಳಿ. ಕೇಳಿದರೆ ತಪ್ಪು ತಿಳಿಯುತ್ತಾರೆ ಅನ್ನುವ ಅಳುಕು ಬೇಡ, ಅದು ನಿಮ್ಮ ಹಕ್ಕು. ಕಂಪನಿ ವೈದ್ಯರ ಭೇಟಿಯ ಖರ್ಚೂ ಕಂಪನಿಯದ್ದೇ.

ಆರೋಗ್ಯಕ್ಕೆ ಅಪಾಯ ಇರುವ ಮಟ್ಟದಲ್ಲಿ ಇಂಥ ವಸ್ತುವಿನ ಜೊತೆ ಕೆಲಸ ಮಾಡಿದವರ ದಾಖಲೆಯನ್ನು ಕಂಪನಿ 40 ವರ್ಷ ಇಡಬೇಕು. ಕ್ಯಾನ್ಸರ್ ಎಷ್ಟೋ ವರ್ಷ ಕಳೆದ ಮೇಲೆ ಕಾಣಿಸಿಕೊಳ್ಳಬಹುದು, ಅದಕ್ಕೇ ಇಷ್ಟು ದೀರ್ಘ ಅವಧಿ. ಕೆಲಸ ಬಿಡುವಾಗ ನಿಮ್ಮ ಭಾಗದ ಪ್ರತಿಯನ್ನು ಕೈಗೆ ಕೊಡಬೇಕು. ಬೆಂಗಳೂರಿಗೆ ವಾಪಸ್ ಹೊರಟಿದ್ದರಂತೂ ಅದನ್ನು ಪಡೆಯದೆ ಹೊರಡಬೇಡಿ.