ಕಾದಂಬರಿಯ ತ್ಸಾವ್ ತ್ಸಾವ್‌ನಿಂದ ಇತಿಹಾಸದವನನ್ನು ಬಿಡಿಸಿ ನೋಡುವುದು ಹೇಗೆ

ಹಾನ್ ಸಾಮ್ರಾಜ್ಯ ಕುಸಿಯುತ್ತಿದ್ದ ಕಾಲದ ಸೇನಾನಾಯಕ ತ್ಸಾವ್ ತ್ಸಾವ್ (155–220) ಚೀನಾದ ರಂಗಭೂಮಿಯಲ್ಲಿ ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡೇ ಬರುತ್ತಾನೆ. ಅದು ಕಪಟಿಯ ಬಣ್ಣ. ಈ ಹೆಸರು ಕೆಟ್ಟದ್ದಕ್ಕೆ 14ನೇ ಶತಮಾನದ ಲ್ವೊ ಗ್ವಾನ್‌ಜೊಂಗ್‌ನದೆನ್ನುವ ‘ಮೂರು ರಾಜ್ಯಗಳ’ ಕಾದಂಬರಿಯೊಂದನ್ನೇ ದೂರಬೇಡಿ. 11ನೇ ಶತಮಾನದಲ್ಲೇ ಕಥೆ ಕೇಳುವ ಮಕ್ಕಳು ಇವನು ಸೋತರೆ ಹಿಗ್ಗುತ್ತಿದ್ದರೆಂದು ಕವಿ ಸು ಶಿ ಬರೆದಿದ್ದಾನೆ.

ಇಡೀ ವ್ಯಕ್ತಿತ್ವವನ್ನು ಒಮ್ಮೆಲೇ ತೂಗಲು ಹೋಗದೆ ಒಂದೊಂದೇ ಪ್ರಸಂಗ ಎತ್ತಿಕೊಳ್ಳಿ. ಪಕ್ಕದಲ್ಲಿ 3ನೇ ಶತಮಾನದ ಚೆನ್ ಶೋ ಬರೆದ ‘ಮೂರು ರಾಜ್ಯಗಳ ದಾಖಲೆ’ ಇರಲಿ. 429ರಲ್ಲಿ ಪೇ ಸೊಂಗ್‌ಜಿ ಮುಗಿಸಿದ ಟಿಪ್ಪಣಿಗಳಿಲ್ಲದ ಪ್ರತಿಯಿಂದ ಕೆಲಸ ಸಾಗದು. ಇಂದು ಕಳೆದುಹೋಗಿರುವ ಎಷ್ಟೋ ಗ್ರಂಥಗಳ ಮಾತುಗಳನ್ನು, ಒಂದಕ್ಕೊಂದು ವಿರುದ್ಧವಿದ್ದರೂ, ಅವನು ಉಳಿಸಿಕೊಟ್ಟಿದ್ದಾನೆ. ನಂತರ ಕೇಳಬೇಕಾದ್ದು: ಅಲ್ಲಿ ಯಾರಿದ್ದರು, ಏನು ಮಾತಾಯಿತು, ಕಾರಣವೇನು, ಯಾವಾಗ?

ಪರಿಚಯದ ಲ್ಯೂ ಬೊಶನ ಮನೆಯಲ್ಲಿ ತ್ಸಾವ್ ತ್ಸಾವ್ ಮಾಡಿದ ಕೊಲೆಯಿಂದ ಶುರುಮಾಡಿ. ರಾಜಧಾನಿಯನ್ನು ಕೈಗೆ ತೆಗೆದುಕೊಂಡಿದ್ದ ಸೇನಾಪತಿ ಡೊಂಗ್ ಜ್ವೊನಿಂದ ತಪ್ಪಿಸಿಕೊಂಡು ಓಡುತ್ತಿದ್ದಾಗಿನ ಘಟನೆ ಇದು. ಟಿಪ್ಪಣಿಯಲ್ಲಿ ಮೂರು ಪಾಠಗಳಿವೆ. ತ್ಸಾವ್ ತ್ಸಾವ್ ಮನೆತನದ ವೇ ರಾಜ್ಯದ ಅಧಿಕೃತ ಚರಿತ್ರೆಯ ಪ್ರಕಾರ ಮನೆಯವರೇ ದರೋಡೆಗೆ ಬಂದರು, ಇವನು ಕೊಂದ. ಎರಡನೆಯದರಲ್ಲಿ ಅವರು ಸತ್ಕರಿಸಿದರೂ ಅನುಮಾನಪಟ್ಟು ಎಂಟು ಜನರನ್ನು ಕೊಂದ. ಇತಿಹಾಸಕಾರ ಸುನ್ ಶೆಂಗ್‌ನ ಮೂರನೆಯದರಲ್ಲಿ ಪಾತ್ರೆಗಳ ಸದ್ದು ಕೇಳಿ ತನ್ನ ಮೇಲೇ ಸಂಚೆಂದು ಭಾವಿಸಿ ಕೊಂದು, ಆಮೇಲೆ ದುಃಖದಿಂದ, ‘ನಾನು ಅನ್ಯರಿಗೆ ದ್ರೋಹ ಮಾಡಿದರೂ ಸರಿ, ಅನ್ಯರು ನನಗೆ ಮಾಡಬಾರದು’ ಎಂದ. ಕಾದಂಬರಿಯಲ್ಲಿ ‘ಅನ್ಯರು’ ಹೋಗಿ ‘ಜಗತ್ತಿನ ಜನ’ ಬಂತು, ದುಃಖ ಮಾಯವಾಯಿತು. ಮೂರೂ ಪಾಠಗಳು ಲ್ಯೂ ಬೊಶನನ್ನು ಸಾಯಿಸುವುದಿಲ್ಲ. ಕಾದಂಬರಿ ದಾರಿಯಲ್ಲಿ ಎದುರಾದ ಅವನನ್ನೂ ಕೊಲ್ಲಿಸುತ್ತದೆ. ಅಸಹ್ಯಪಟ್ಟು ದೂರವಾಗಲು ಅಧಿಕಾರಿ ಚೆನ್ ಗೊಂಗ್‌ನನ್ನು ಸಾಕ್ಷಿಯಾಗಿ ನಿಲ್ಲಿಸುತ್ತದೆ. ನಿಜದಲ್ಲಿ ಚೆನ್ ಗೊಂಗ್ ತ್ಸಾವ್ ತ್ಸಾವ್‌ನ ಬಳಿ ಸೇರಿದ್ದು ಇದಾದ ಮೇಲೆ. ಒಂದು ವಿಶೇಷಣವನ್ನೂ ಬಳಸದೆ ಓದುಗರ ತೀರ್ಪನ್ನು ತಿರುಗಿಸುವ ಈ ಕೈಚಳಕ ನಿಜಕ್ಕೂ ದೊಡ್ಡದು, ಅದಕ್ಕೇ ಅಪಾಯಕಾರಿ.

ವೈದ್ಯ ಹ್ವಾ ತ್ವೊನ ವಿಷಯದಲ್ಲಿ ಬದಲಾದದ್ದು ಕಾರಣ ಮತ್ತು ಕಾಲ. ತಲೆಬುರುಡೆ ತೆರೆದು ಚಿಕಿತ್ಸೆ ಮಾಡೋಣವೆಂದದ್ದಕ್ಕೆ ಕೊಲ್ಲಲು ಬಂದವನೆಂದು ಶಂಕಿಸಿ ಸೆರೆಗೆ ಹಾಕಿದನೆಂದು, ಅದೂ ತ್ಸಾವ್ ತ್ಸಾವ್‌ನ ಕೊನೆಗಾಲದಲ್ಲಿ ಎಂದು ಕಾದಂಬರಿ ಹೇಳುತ್ತದೆ. ದಾಖಲೆಯಲ್ಲಿ ಹ್ವಾ ತ್ವೊ ಹೆಂಡತಿಗೆ ಕಾಯಿಲೆ ಎಂದು ಸುಳ್ಳು ಹೇಳಿ ಕರೆಗೆ ಬಾರದೆ ಉಳಿದದ್ದಕ್ಕೆ ಸತ್ತ. ಮಗ ತ್ಸಾವ್ ಚೊಂಗ್ 208ರಲ್ಲಿ ತೀರಿಕೊಂಡಾಗ ತ್ಸಾವ್ ತ್ಸಾವ್ ಆ ವೈದ್ಯನನ್ನು ಕೊಂದದ್ದಕ್ಕೆ ಪರಿತಪಿಸಿದ. ಅಂದರೆ ಕೊಲೆ ನಿಜ, ಹುಚ್ಚು ಸಂಶಯ ಕಟ್ಟಿದ್ದು.

ಇಲ್ಲಿ ಬಹಳಷ್ಟು ಜನ ಎಡವುವುದು ಇನ್ನೊಂದು ಬದಿಗೆ. 196ರಲ್ಲಿ ಬೀಳುಭೂಮಿಗೆ ಜನರನ್ನು ಕೂರಿಸಿ ಬೇಸಾಯ ಮಾಡಿಸಿದ್ದನ್ನೂ ಅವನ ಒಳ್ಳೆಯ ಕವಿತೆಗಳನ್ನೂ ಕಂಡು, ಕೆಟ್ಟದ್ದೆಲ್ಲ ಕಟ್ಟುಕಥೆ ಎಂದುಬಿಡುತ್ತಾರೆ. ವೇ ಚರಿತ್ರೆಯೂ ಗೆದ್ದವರದೇ ಬರಹ ಎಂಬುದು ಮರೆತುಹೋಗುತ್ತದೆ. ಚೆನ್ ಶೋ ಕೂಡ ವೇಯ ಉತ್ತರಾಧಿಕಾರಿ ಜಿನ್ ರಾಜ್ಯದ ಅಧಿಕಾರಿ. ತ್ಸಾವ್ ತ್ಸಾವ್‌ಗೆ ಮುಜುಗರವಾಗುವುದನ್ನು ಅವನ ಅಧ್ಯಾಯದಲ್ಲಿ ಚುಟುಕಾಗಿಸಿ, ಬೇರೆಯವರ ಅಧ್ಯಾಯಗಳಲ್ಲಿ ವಿವರವಾಗಿ ಇಟ್ಟಿದ್ದಾನೆ. ಹಾಗಾಗಿ 208ರ ಕೆಂಪುಬಂಡೆ ಯುದ್ಧದಲ್ಲಿ ಅವನ ಸೋಲಿಗೆ ಎದುರಾಳಿ ಸೇನಾನಿ ಝೋ ಯೂನ ಅಧ್ಯಾಯವನ್ನು ತೆಗೆಯಿರಿ. 193ರಲ್ಲಿ ಶೂಜೋ ಪ್ರಾಂತ್ಯದಲ್ಲಿ ಅವನ ಸೇನೆ ನಡೆಸಿದ ಹತ್ಯಾಕಾಂಡಕ್ಕೆ ಅಲ್ಲಿನ ಆಡಳಿತಗಾರ ಟಾವ್ ಚಿಯೆನ್‌ನ ಅಧ್ಯಾಯ ನೋಡಿ. ಸತ್ತವರು ಹತ್ತು ಸಾವಿರಗಳ ಲೆಕ್ಕದಲ್ಲಿ, ಸಿ ನದಿಯ ಹರಿವೇ ನಿಂತಿತು ಎಂದು ಅಲ್ಲಿದೆ.